ಕಾಣದವಳೂ ಕೇಳದವಳೂ ಹರಟಿದ ಊರು

ಚಾಮರಾಜಪೇಟೆ

ಪೋರ್ಚುಗಲ್ಲಿಗೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು, "ಏನೇನು ನೋಡ್ಕೊಂಡ್ ಬಂದ್ರಿ ಮೇಡಂ?" ಕೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅದು ನನಗೆ ಗೊತ್ತಾಗುತ್ತದೆ. ನಾಲಿಗೆ ಕಚ್ಚಿಕೊಳ್ಳುವುದಕ್ಕೂ ಒಂದು ಸದ್ದಿದೆ.

ಒಂದೂವರೆ ವರ್ಷದವಳಿದ್ದಾಗ ಜ್ವರ ಬಂದು ನನ್ನ ಎರಡೂ ಕಣ್ಣು ಹೋದವು. ಈಗ ನನಗೆ ನಲವತ್ತೆಂಟು. ಚಾಮರಾಜಪೇಟೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹೆಸರು ಸುಜಾತ. ಕಣ್ಣಿಲ್ಲದ ಮತ್ತು ಕಿವಿ ಕೇಳದ ಶಿಕ್ಷಕರನ್ನು ಆರಿಸಿ, ಹೊರದೇಶದ ಶಾಲೆಯೊಂದರಲ್ಲಿ ಹತ್ತು ದಿನ ಕೂರಿಸಿ, ಅಲ್ಲಿ ಎಐ ಹಿಡಿದುಕೊಂಡು ಪಾಠ ಹೇಗೆ ನಡೆಯುತ್ತದೆಂದು ತೋರಿಸುವ ಒಂದು ಸಂಸ್ಥೆಯಿಂದ ಕಳೆದ ಬೇಸಿಗೆಯಲ್ಲಿ ನನಗೆ ಪತ್ರ ಬಂತು. ದಸರಾ ರಜೆಗೆ ಹೊರಡಬೇಕು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ನನ್ನ ತಂಗಿ ಗೌತಮಿ ಆ ಪತ್ರ ಓದಿ ಮುಗಿಸುವ ಮೊದಲೇ ಆಫೀಸಿಗೆ ರಜೆ ಹಾಕಿದ್ದಳು.

ಹೊರಡುವ ಹೊತ್ತಿಗೆ ನನಗೆ ಮಾತ್ರ ಹೋಗುವ ಮನಸ್ಸು ಅರ್ಧವೇ ಇತ್ತು. ಕಾರಣ ಪವಿತ್ರ.

ಪವಿತ್ರ ಜೂನ್ ತಿಂಗಳಲ್ಲಿ ನಮ್ಮ ಎಂಟನೇ ತರಗತಿಗೆ ಸೇರಿದ ಹುಡುಗಿ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಹದಿನೈದು ದಿನ ನನ್ನ ತರಗತಿಯಲ್ಲಿ ಕೂತಳು. ಹದಿನಾರನೇ ದಿನ ನಾನು ಹೆಚ್‌ಎಂ ಮೇಡಂ ಕೋಣೆಗೆ ಹೋಗಿ, "ನಾನು ಹೇಳೋದು ಅವಳಿಗೆ ಕೇಳ್ಸಲ್ಲ, ಅವಳು ಕೈಯಲ್ಲಿ ತೋರ್ಸೋದು ನನಗೆ ಕಾಣಲ್ಲ. ಇಬ್ರಿಗೂ ಹಿಂಸೆ. ಬೇರೆ ಶಾಲೆಗೆ ಕಳ್ಸಿಬಿಡಿ ಮೇಡಂ," ಎಂದೆ. ಮೇಡಂ, "ನೋಡೋಣ," ಎಂದರು. ಮಾರನೆಯ ವಾರದಿಂದ ಪವಿತ್ರ ಬರಲಿಲ್ಲ.

ಆಗ ನನಗೆ ಹಗುರವೆನಿಸಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಕಥನಕ್ಕೆ ಅರ್ಥವಿಲ್ಲ.

ಆದರೆ ಪಾಸ್‌ಪೋರ್ಟಿಗೆ ಹೆಬ್ಬೆಟ್ಟು ಕೊಡುವ ದಿನ ಸಾಲಿನಲ್ಲಿ ನಿಂತಾಗ ಅಪ್ಪ ನೆನಪಾದರು. ಅಪ್ಪ ತರಗುಪೇಟೆಯಲ್ಲಿ ಬೇಳೆ ಮೂಟೆ ಹೊರುತ್ತಿದ್ದವರು. ನನಗೆ ಏಳು ವರ್ಷವಾದಾಗ ಮೂಟೆ ಹೊರುವ ಅದೇ ಹೆಗಲ ಮೇಲೆ ನನ್ನನ್ನು ಕೂರಿಸಿಕೊಂಡು ಮನೆ ಹತ್ತಿರದ ಶಾಲೆಗೆ ಹೋಗಿದ್ದರು. ಅಲ್ಲಿದ್ದ ಹೆಡ್‌ಮಾಸ್ತರರು, "ಬೋರ್ಡೇ ಕಾಣದ ಮಗೂಗೆ ನಾವೇನಪ್ಪಾ ಹೇಳ್ಕೊಡೋದು?" ಎಂದರು. ಅಪ್ಪ ಅಲ್ಲಿಂದಲೇ ತಿರುಗಿದರು. ಅವರ ಹೆಗಲು ಆಗ ಹೇಗೆ ಕುಸಿಯಿತು ಎಂಬುದು ನನ್ನ ತೊಡೆಗಳಿಗೆ ಇವತ್ತೂ ಗೊತ್ತಿದೆ. ಎರಡು ವರ್ಷ ಬಿಟ್ಟು ನನ್ನನ್ನು ಅಂಧರ ಶಾಲೆಗೆ ಸೇರಿಸಿದರು. ಆಮೇಲಿನದೆಲ್ಲ ಬೇರೆ ಕತೆ.

ಪೋರ್ಟೊ, ಮೊದಲ ದಿನ

ಪೋರ್ಟೊ ಎಂಬುದು ನದಿ ದಂಡೆಯ ಬೆಟ್ಟದೂರು. ನನ್ನ ಮಟ್ಟಿಗೆ ಅದು ಮೊದಲು ಪಾದಕ್ಕೆ ಸಿಕ್ಕಿತು. ಫುಟ್‌ಪಾತಿಗೆಲ್ಲ ಬೆಂಕಿಪೊಟ್ಟಣದಷ್ಟು ಚಿಕ್ಕ ಚಿಕ್ಕ ಕಲ್ಲು ಜೋಡಿಸಿದ್ದಾರೆ. ಸಾವಿರಾರು ಜನ ತುಳಿದು ತುಳಿದು ನುಣುಪಾಗಿವೆ. ಕೋಲಿನ ತುದಿ ಅದರ ಮೇಲೆ ಹರಿದರೆ ಪಲ್ಲವಿ ಹಾಡಿದಂತೆ ಒಂದೇ ಲಯ. ನಮ್ಮಲ್ಲಿ ಚಪ್ಪಡಿ ಎಲ್ಲಿ ಇಲ್ಲವೆಂದು ನೆನಪಿಟ್ಟುಕೊಂಡು ನಡೆಯಬೇಕು. ಇಲ್ಲಿ ನೆನಪಿಟ್ಟುಕೊಳ್ಳಲು ಏನೂ ಇಲ್ಲದೆ ಮೊದಲರ್ಧ ಗಂಟೆ ತಬ್ಬಿಬ್ಬಾದೆ.

ಗೌತಮಿಗೆ ವರ್ಣನೆ ಎಂದರೆ ಆಗದು.

"ಏನಿದೆ ಗೌತು?"

"ಬಿಲ್ಡಿಂಗು."

"ಎಂಥಾ ಬಿಲ್ಡಿಂಗೇ?"

"ಹಳೇದು ಅಕ್ಕ. ಎಷ್ಟು ಕೇಳ್ತೀಯಾ, ಮೆಟ್ಲು ನೋಡ್ಕೊಂಡು ಬಾ."

ಸಂಸ್ಥೆಯವರು ಒಂದು ಫೋನ್ ಕೊಟ್ಟಿದ್ದರು. ಅದನ್ನು ಎದೆಯ ಮುಂದೆ ತೂಗುಹಾಕಿಕೊಂಡರೆ ಎದುರಿಗಿರುವುದನ್ನು ಕನ್ನಡದಲ್ಲಿ ಕಿವಿಗೆ ಹೇಳುತ್ತದೆ. ಅದರ ಕನ್ನಡ ರೇಡಿಯೊ ವಾರ್ತೆಯ ಕನ್ನಡ. ಗೌತಮಿ ಸುಮ್ಮನಾದ ಮೇಲೆ ಗುಂಡಿ ಒತ್ತಿದೆ.

"ಐದು ಅಂತಸ್ತಿನ ಕಿರಿದಾದ ಮನೆಗಳ ಸಾಲು ಕಾಣುತ್ತಿದೆ. ಗೋಡೆಗಳಿಗೆ ಹಳದಿ ಮತ್ತು ನೀಲಿ ಹೆಂಚುಗಳನ್ನು ಅಂಟಿಸಲಾಗಿದೆ. ಮೂರನೇ ಅಂತಸ್ತಿನಲ್ಲಿ ವೃದ್ಧೆಯೊಬ್ಬರು ಬಿಳಿ ದುಪ್ಪಟಿ ಒಣಹಾಕುತ್ತಿದ್ದಾರೆ. ಮುಂಭಾಗದಲ್ಲಿ ಹಸಿರು ಸ್ವೆಟರ್ ಧರಿಸಿದ ಮಹಿಳೆಯೊಬ್ಬರು ಬೇಸರಗೊಂಡಂತೆ ತೋರುತ್ತಾರೆ."

"ಗೌತು, ಹಸಿರು ಸ್ವೆಟರ್ ಹಾಕಿದೀಯಾ?"

"ಹೂಂ. ಯಾಕೆ?"

ನಾನು ನಡುರಸ್ತೆಯಲ್ಲಿ ನಿಂತು ನಕ್ಕೆ. ಯಾರನ್ನೂ ಕೇಳದೆ, ಯಾರಿಗೂ ಹೊರೆಯಾಗದೆ, ಒಬ್ಬ ಅಜ್ಜಿ ಬಟ್ಟೆ ಒಣಹಾಕುವುದು ನನಗೆ ಗೊತ್ತಾಗಿಬಿಟ್ಟಿತು. ಉಪಯೋಗವಿಲ್ಲದ ವಿಷಯ. ಉಪಯೋಗವಿಲ್ಲದ ವಿಷಯಗಳನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅವತ್ತೇ ಸಂಜೆ ಗೌತಮಿ ಅಂಗಡಿಯೊಳಗೆ ಹೋಗಿದ್ದಾಗ ಒಬ್ಬಳೇ ರಸ್ತೆ ದಾಟಲು ನಿಂತೆ. ಬೆಂಗಳೂರಿನಲ್ಲಿ ನಾನು ರಸ್ತೆ ದಾಟುವುದು ಹಾರ್ನ್ ಲೆಕ್ಕದ ಮೇಲೆ. ಇಲ್ಲಿ ಒಂದೂ ಹಾರ್ನ್ ಇಲ್ಲ. ಕಾದೆ, ಕಾದೆ. ಕೊನೆಗೆ ಯಾರೋ ಹೆಂಗಸು ಮೊಣಕೈ ಮುಟ್ಟಿ ಏನೋ ಹೇಳಿದಳು. ಓಡಿ ಬಂದ ಗೌತಮಿ ಉಸಿರು ಬಿಡುತ್ತಾ, "ಅಕ್ಕ, ನಿಂಗೋಸ್ಕರ ನಾಲ್ಕು ಕಾರು ಆಗ್ಲಿಂದ ನಿಂತಿವೆ ಕಣೇ!" ಎಂದಳು. ಅವರು ನಾನು ಹೋಗಲೆಂದು ಕಾಯುತ್ತಿದ್ದರು, ನಾನು ಅವರು ಹೋಗಲೆಂದು. ಯಾರೊಬ್ಬರೂ ಬೈಯಲಿಲ್ಲ.

ಫೋನನ್ನು ಪೂರ್ತಿ ನಂಬಬಾರದೆಂಬುದು ರಾತ್ರಿಯೂಟಕ್ಕೆ ತಿಳಿಯಿತು. ತಟ್ಟೆಯ ಮುಂದೆ ಹಿಡಿದರೆ "ಟೊಮ್ಯಾಟೊ ಅನ್ನ, ಅಣಬೆ ಚೂರುಗಳೊಂದಿಗೆ" ಎಂದು ಖಚಿತವಾಗಿ ಹೇಳಿತು. ಎರಡು ತುತ್ತು ತಿಂದೆ. ಮೂರನೆಯದಕ್ಕೆ ಗೌತಮಿ ಚೀರಿದಳು. "ಅಕ್ಕಾ, ಈ ಅಣಬೆಗೆ ಸಾಲಾಗಿ ಶರಟಿನ ಗುಂಡಿ ಥರ ಇದೆ!" ಅದು ಆಕ್ಟೋಪಸ್. ನಾವು ಒಣಮೀನು, ತಲೆಮಾಂಸ ಎಲ್ಲ ತಿಂದು ಬೆಳೆದವರು, ಆದರೂ ಗುಂಡಿಯಿರುವ ಪ್ರಾಣಿ ಇದೇ ಮೊದಲು. ನಾನು ತಟ್ಟೆ ಖಾಲಿ ಮಾಡಿದೆ. ಗೌತಮಿ ಬ್ರೆಡ್ಡು ತಿಂದು ಮಲಗಿದಳು.

ಮೂರನೇ ದಿನ, ತೆರೇಸಾ ಅವರ ತರಗತಿ

ಶಾಲೆ ನಮ್ಮದರಂತೆಯೇ ಹಳೆಯ ಕಟ್ಟಡ. ಮೆಟ್ಟಿಲು ಸವೆದಿವೆ, ಬಾಗಿಲು ನರಳುತ್ತದೆ, ಚಾವಣಿ ರಿಪೇರಿ ನಡೆಯುತ್ತಿತ್ತು. ಭೂಗೋಳ ಕಲಿಸುವ ತೆರೇಸಾ ಅವರಿಗೆ ಅರವತ್ತರ ಹತ್ತಿರ, ಒರಟು ದನಿ. ಅವರು ಪೋರ್ಚುಗೀಸಿನಲ್ಲಿ ಆಡಿದ್ದು ಫೋನಿನ ಮೂಲಕ ನನ್ನ ಕಿವಿಯಲ್ಲಿ ನಯವಾದ ಎಳೆ ದನಿಯ ಕನ್ನಡವಾಗಿ ಬೀಳುತ್ತಿತ್ತು. ಅಜ್ಜಿಯೊಬ್ಬರ ಬಾಯಿಂದ ಮದುಮಗಳು ಮಾತಾಡಿದ ಹಾಗೆ.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಗೌತಮಿ. ಅವತ್ತು ಅವಳು ತಾನಾಗಿಯೇ ಪಿಸುಗುಡತೊಡಗಿದಳು. "ಅಕ್ಕ, ಮೇಡಂ ಮಾತಾಡಿದ್ದು ಗೋಡೆ ಮೇಲೆ ಅಕ್ಷರ ಆಗ್ತಿದೆ. ಮಾತಾಡ್ತಾ ಮಾತಾಡ್ತಾನೇ. ಮುಂದಿನ ಬೆಂಚಲ್ಲಿ ಒಂದು ಹುಡುಗಿ ಅದನ್ನೇ ನೋಡ್ತಿದಾಳೆ. ಅವಳಿಗೆ ಕಿವಿ ಕೇಳಲ್ಲ ಅನ್ಸುತ್ತೆ." ಆ ಹುಡುಗಿ ಇನೆಸ್. ಹದಿಮೂರು ವರ್ಷ. ಅದೇ ತರಗತಿಯಲ್ಲಿ ನೇಪಾಳದಿಂದ ಹೊಸದಾಗಿ ಬಂದ ಒಬ್ಬ ಹುಡುಗಿಗೆ ಪಾಠ ನೇಪಾಳಿಯಲ್ಲಿ ಕಿವಿಗೆ ಹೋಗುತ್ತಿತ್ತು. ಓದಲು ಹೋದರೆ ಅಕ್ಷರಗಳು ಕಣ್ಣೆದುರು ಕುಣಿದಾಡುವ ಇನ್ನೊಬ್ಬ ಹುಡುಗನಿಗೆ ಪುಸ್ತಕವೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ತೆರೇಸಾ ಒಂದೇ ಪಾಠ ಮಾಡುತ್ತಿದ್ದರು. ಅದು ಕೋಣೆಯೊಳಗೆ ಹರಿದು ಒಬ್ಬೊಬ್ಬರ ಹತ್ತಿರ ಒಂದೊಂದು ರೂಪದಲ್ಲಿ ತಲುಪುತ್ತಿತ್ತು.

ಪಾಠ ಅವರ ಊರಿನ ನದಿಯ ಬಗ್ಗೆ. ಮುಗಿದ ಮೇಲೆ ತೆರೇಸಾ ನನ್ನ ಕೈಗೆ ಒಂದು ದಪ್ಪ ಕಾಗದ ಕೊಟ್ಟರು. ಅದರ ಮೇಲೆ ಗೆರೆಗಳು ಉಬ್ಬಿದ್ದವು. ಕಂಪ್ಯೂಟರಿಗೆ ಬೇಕಾದ ನಕ್ಷೆ ಹೇಳಿದರೆ ಬೆರಳಿಗೆ ಎಟಕುವಷ್ಟು ಸರಳ ಮಾಡಿ ಬಿಡಿಸುತ್ತದೆ. ಆಮೇಲೆ ಇನ್ನೊಂದು ಯಂತ್ರ ಅದನ್ನು ಬಿಸಿಮಾಡಿ ಉಬ್ಬಿಸುತ್ತದೆ. ಅವರ ನದಿಯನ್ನು ಸಮುದ್ರದವರೆಗೂ ಮುಟ್ಟಿದೆ.

"ನಿಮ್ಮ ನದಿ ಯಾವುದು?" ಎಂದು ಕೇಳಿದರು.

"ಕಾವೇರಿ."

ಅವರು ಕಂಪ್ಯೂಟರಿನ ಮುಂದೆ ಕೂತರು. ಮೊದಲ ಸಲ ಯಂತ್ರ ಕಾವೇರಿಯನ್ನು ಪಡುವಣ ಸಮುದ್ರಕ್ಕೆ ಹರಿಸಿಬಿಟ್ಟಿತು. ತೆರೇಸಾ ಅಟ್ಲಾಸ್ ತೆಗೆದು ನೋಡಿ ಅದಕ್ಕೆ ಬೈದರು. ಎರಡನೇ ಸಲ ಸರಿಯಾಯಿತು. ಬಿಸಿ ಕಾಗದ ನನ್ನ ಮುಂದೆ ಬಂತು.

ಇಪ್ಪತ್ತು ವರ್ಷ ನಾನು ಮಕ್ಕಳಿಗೆ ಕಾವೇರಿಯ ಪದ್ಯ ಹೇಳಿಕೊಟ್ಟಿದ್ದೇನೆ. ಕೊಡಗಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ ಎಂದು ಬಾಯಲ್ಲಿ ಹೇಳಿದ್ದೇನೆ. ಬೆರಳಿಟ್ಟ ಮೇಲೆ ಗೊತ್ತಾಯಿತು, ನನಗೆ ಆ ಮಾತಿನ ಅರ್ಥವೇ ಗೊತ್ತಿರಲಿಲ್ಲ. ನೂಲಿನಷ್ಟು ತೆಳ್ಳಗೆ ಹೊರಟಳು. ಬೇರೆ ಬೇರೆ ನೂಲುಗಳು ಬಂದು ಸೇರಿ ದಪ್ಪವಾದಳು. ಒಂದೆಡೆ ಎರಡಾಗಿ ಒಡೆದು ಮತ್ತೆ ಕೂಡಿದಳು. ಆಮೇಲೆ ಸರಕ್ಕನೆ ದಕ್ಷಿಣಕ್ಕೆ ತಿರುಗಿದಳು. ಹೀಗೆ ತಿರುಗುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಬೆರಳು ಬಿಡಿಸಿದ ಅಂಗೈಯಂತೆ ಹರಡಿ ಸಮುದ್ರ ಸೇರಿದಳು.

"ಬೆಂಗಳೂರು ಎಲ್ಲಿ?" ಎಂದೆ. ತೆರೇಸಾ ನನ್ನ ಬೆರಳು ಹಿಡಿದು ಒಂದು ಚುಕ್ಕೆಯ ಮೇಲಿಟ್ಟರು. ನದಿಯಿಂದ ಬಹಳ ದೂರ.

"ಗೌತು, ಅಲ್ಲಿಂದ ಇಲ್ಲಿಗೆ ಬರುತ್ತಾ ನಮ್ಮ ನಲ್ಲಿ ನೀರು?"

"ಹೂಂ ಅಕ್ಕ. ಅದಕ್ಕೇ ದಿನ ಬಿಟ್ಟು ದಿನ ಬರೋದು," ಎಂದಳು. ಇಬ್ಬರೂ ಆ ಕಾಗದದ ಮೇಲೆ ಕೈಯಿಟ್ಟುಕೊಂಡು ಗಂಟೆ ಹೊಡೆಯುವವರೆಗೂ ಕೂತಿದ್ದೆವು.

ಐದನೇ ದಿನ, ಮೇಸ್ತ್ರಿ ಮತ್ತು ಇಸ್ತ್ರಿ

"ಇವತ್ತು ಪಾಠ ನಿಮ್ಮದು," ಎಂದರು ತೆರೇಸಾ.

ಪೋರ್ಚುಗಲ್ಲಿನ ಮಕ್ಕಳಿಗೆ ಕನ್ನಡದ ಏನು ಹೇಳಲಿ? ಹಿಂದಿನ ದಿನ ಚಾವಣಿ ರಿಪೇರಿಯವರನ್ನು ಯಾರೋ "ಮೆಶ್ತ್ರ್!" ಎಂದು ಕೂಗಿದ್ದು ಕೇಳಿ ನಾನು ಬೆಚ್ಚಿದ್ದೆ. ನಮ್ಮ ಗಾರೆ ಮೇಸ್ತ್ರಿ ಇಲ್ಲಿಗೆ ಹೇಗೆ ಬಂದರು? ವಿಚಾರಿಸಿದರೆ ಅವರ ಮಾತೇ ನಮ್ಮಲ್ಲಿಗೆ ಹಡಗು ಹತ್ತಿ ಬಂದದ್ದು. ಮೇಜು, ಮೇಸ್ತ್ರಿ, ಅನಾನಸು, ಇಸ್ತ್ರಿ ಎಲ್ಲ ಅಲ್ಲಿಯ ಬೇರಿನವು. ಇವನ್ನೇ ಹಿಡಿದೆ.

ಕಾಲರಿಗೆ ಮೈಕು ಸಿಕ್ಕಿಸಿದರು. ನಾನು ಕನ್ನಡದಲ್ಲಿ ಹೇಳುವುದು ಗೋಡೆಯ ಮೇಲೆ ಪೋರ್ಚುಗೀಸಿನಲ್ಲಿ ಬರುತ್ತದೆ. ಮೇಜನ್ನು ಬಡಿದು "ಮೇಜು!" ಎಂದೆ. ಮಕ್ಕಳು "ಮೇಝ!" ಎಂದು ಕೂಗಿದರು. ಅನಾನಸಿಗೆ ಚಪ್ಪಾಳೆ ಬಿತ್ತು. ಉತ್ಸಾಹ ಹೆಚ್ಚಿ, "ನಮ್ಮ ಬೀದಿ ಕೊನೇಲಿ ಒಬ್ರು ಇಸ್ತ್ರಿಗೆ ಕೆಂಡ ತುಂಬಿ ಬಟ್ಟೆ ಉಜ್ತಾರೆ," ಎಂದೆ.

ತರಗತಿ ಗಪ್ಪನೆ ಮೌನವಾಯಿತು. ಯಾರೋ ಕುರ್ಚಿ ಹಿಂದೆ ಸರಿಸಿದರು. ಕೀಲಿಮಣೆಯ ಟಕಟಕ ಕೇಳಿತು. ನನ್ನ ಕಿವಿಯಲ್ಲಿ ಒಂದು ದನಿ ಬಂತು. ಇನೆಸ್ ತನ್ನ ಟ್ಯಾಬ್ಲೆಟ್ಟಿನಲ್ಲಿ ಬರೆದದ್ದನ್ನು ಯಂತ್ರ ಕನ್ನಡದಲ್ಲಿ ಓದಿತು: "ನಿಮ್ಮ ಬೀದಿಯಲ್ಲಿ ಹೆಂಗಸರಿಗೆ ಕೆಂಡ ತುಂಬುತ್ತಾರೆಯೇ?"

ಇಸ್ತ್ರಿಯನ್ನು ಯಂತ್ರ ಸ್ತ್ರೀ ಎಂದು ಕೇಳಿಸಿಕೊಂಡಿತ್ತು.

ನಾನು ಗಾಬರಿಯಲ್ಲಿ ಅಂಗಿ ತಟ್ಟಿ, ಕೈಯಲ್ಲಿ ಇಸ್ತ್ರಿ ಉಜ್ಜಿ ತೋರಿಸಿ, ಉಫ್ ಎಂದು ಕೆಂಡ ಊದಿದೆ. ಮೊದಲು ಅರ್ಥವಾದದ್ದು ಇನೆಸ್‌ಗೆ. ಅವಳು ಎದ್ದು ಮಿಕ್ಕವರಿಗೆ ಅಭಿನಯಿಸಿ ತೋರಿಸಿದಳಂತೆ. ಕೋಣೆ ನಗೆಯಲ್ಲಿ ಮುಳುಗಿತು. ಯಂತ್ರ ಸೋತ ಕಡೆ ಕಿವಿ ಕೇಳದ ಹುಡುಗಿ ಕಣ್ಣಿಲ್ಲದವಳ ಮಾತನ್ನು ಕಣ್ಣು ಕಿವಿ ಎಲ್ಲ ಸರಿಯಿದ್ದವರಿಗೆ ತಲುಪಿಸಿದ್ದಳು.

ಅದೇ ಮಧ್ಯಾಹ್ನ, ಊಟದ ಕೋಣೆ

ಊಟದ ಹೊತ್ತಿಗೆ ಇನೆಸ್ ನನ್ನ ಎದುರು ಬಂದು ಕೂತಳು. ತಟ್ಟೆ ಇಟ್ಟಳು, ಟ್ಯಾಬ್ಲೆಟ್ ಇಟ್ಟಳು, ನನ್ನ ಅಂಗೈ ಮೇಲೆ ಬೆರಳಿಂದ ಒಮ್ಮೆ ತಟ್ಟಿದಳು. ಬಂದಿದ್ದೇನೆ ಎಂದು. ನಾನು ಕನ್ನಡದಲ್ಲಿ ಮಾತಾಡಿದ್ದು ಅವಳಿಗೆ ಅಕ್ಷರ, ಅವಳು ಬರೆದದ್ದು ನನಗೆ ಮಾತು. ನಡುವೆ ಒಂದೆರಡು ಉಸಿರಿನಷ್ಟು ತಡ.

ಅವಳ ಮೊದಲ ಪ್ರಶ್ನೆ: "ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ನೀವು ಹೇಗೆ ಹಿಡಿಯುತ್ತೀರಿ?"

ನಕ್ಕೆ. "ನಿಶ್ಶಬ್ದದಿಂದ. ನಕಲು ಮಾಡೋ ಬೆಂಚಲ್ಲಿ ಬೇರೆ ಕಡೆಗಿಂತ ಜಾಸ್ತಿ ನಿಶ್ಶಬ್ದ ಇರುತ್ತೆ."

ಟಕಟಕ. "ನಿಶ್ಶಬ್ದದಲ್ಲಿಯೂ ಬೇರೆ ಬೇರೆ ಬಗೆ ಇವೆಯೇ? ನನಗೆ ಯಾರೂ ಹೇಳಿಲ್ಲ. ನಾನು ಒಂದೇ ಎಂದುಕೊಂಡಿದ್ದೆ."

ಬಾಲ್ಯದಿಂದ ನಾನು ಬದುಕಿರುವುದು ಸದ್ದಿನೊಳಗೆ, ಅವಳು ಬದುಕಿರುವುದು ನೋಟದೊಳಗೆ. ಇಂಥ ಇಬ್ಬರ ನಡುವೆ ಮಾತು ಸಾಧ್ಯವೇ ಇಲ್ಲವೆಂದು ನಾನು ಹೆಚ್‌ಎಂ ಕೋಣೆಯಲ್ಲಿ ನಿಂತು ಹೇಳಿದ್ದೆ. ಈಗ ಸೂಪು ಆರುತ್ತಿತ್ತು, ನಾವು ನಿಶ್ಶಬ್ದದ ಬಗೆಗಳ ಮೇಲೆ ಹರಟೆ ಹೊಡೆಯುತ್ತಿದ್ದೆವು. ಕರೆಂಟು ಹೋದಾಗಿನ ನಿಶ್ಶಬ್ದ, ಅಮ್ಮ ಸಿಟ್ಟಾದಾಗಿನ ನಿಶ್ಶಬ್ದ, ಮಳೆ ನಿಂತ ಮೇಲಿನದು. ಅವಳು ಅಮ್ಮನ ಸಿಟ್ಟಿನದು ತನಗೂ ಗೊತ್ತು, ಅದು ಭುಜದಲ್ಲಿ ಕಾಣಿಸುತ್ತದೆ ಎಂದಳು.

ಆಮೇಲೆ ಕೇಳಿದಳು: "ನಿಮ್ಮ ಶಾಲೆಯಲ್ಲಿ ನನ್ನಂಥವರು ಇದ್ದಾರೆಯೇ?"

"ಒಬ್ಬಳು ಇದ್ದಳು," ಎಂದೆ.

ಟಕಟಕ ಕೇಳಿತು. ಆಮೇಲೆ ಅವಳ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ಯಂತ್ರ ಹೇಳಿತು: "ತುಂಬ ದುಃಖವಾಯಿತು. ಅವಳು ಹೇಗೆ ತೀರಿಕೊಂಡಳು?"

"ಇಲ್ಲ, ಇಲ್ಲಮ್ಮ. ಅವಳು ಬದುಕಿದಾಳೆ. ನಾನೇ... ನಾನೇ ಕಳ್ಸಿಬಿಟ್ಟೆ."

"ಎಲ್ಲಿಗೆ?"

ನನಗೆ ಗೊತ್ತಿರಲಿಲ್ಲ. ಎಲ್ಲಿಗೆ ಹೋದಳೆಂದು ನಾನು ಕೇಳಿಯೇ ಇರಲಿಲ್ಲ.

ಇನೆಸ್ ಕೈ ಬಿಡಲಿಲ್ಲ. ಒಂದೇ ಕೈಯಲ್ಲಿ ನಿಧಾನವಾಗಿ ಬರೆದಳು. "ನನ್ನನ್ನೂ ಮೊದಲ ಶಾಲೆಯವರು ಕಳಿಸಿದರು. ತೆರೇಸಾ ಮೇಡಂ ಆರು ತಿಂಗಳು ಆ ಯಂತ್ರಕ್ಕೆ ಬೈಯುತ್ತಾ ನನ್ನ ಪಕ್ಕದಲ್ಲೇ ಕೂತರು. ಆಗ ಅದು ಬರೀ ತಪ್ಪು ಬರೆಯುತ್ತಿತ್ತು. ನನಗೂ ಓದಲು ಸರಿಯಾಗಿ ಬರುತ್ತಿರಲಿಲ್ಲ."

ನದಿ ದಂಡೆ

ಅಲ್ಲಿ ಶರತ್ಕಾಲಕ್ಕೆ ರಸ್ತೆಬದಿಯಲ್ಲಿ ಚೆಸ್ಟ್‌ನಟ್ ಎಂಬ ಕಾಯಿ ಹುರಿದು ಮಾರುತ್ತಾರೆ. ಹೊಗೆಯೆಲ್ಲ ಉಪ್ಪುಪ್ಪು. ಕಾಗದದ ಪೊಟ್ಟಣ ಕೈಗೆ ಬಂದಾಗ ಬಸವನಗುಡಿಯ ಕಡಲೆಕಾಯಿ ಪೊಟ್ಟಣವೇ ಬಂದಂತಾಯಿತು. ಬಿಡಿಸಿ ಬಾಯಿಗಿಟ್ಟರೆ ಗೆಣಸಿನ ರುಚಿ. ಗೌತಮಿ ಮತ್ತು ನಾನು ನದಿ ಕಟ್ಟೆಯ ಮೇಲೆ ಕೂತು ತಿಂದೆವು. ಊಟದ ಕೋಣೆಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದೆ.

ಗೌತಮಿ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದಳು. "ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಜೂನಲ್ಲಿ ನೀನು ಆ ಹುಡುಗಿ ವಿಷ್ಯ ಮನೇಲಿ ಹೇಳ್ದಾಗ ನಂಗೆ ಅಪ್ಪನ್ನ ವಾಪಸ್ ಕಳಿಸಿದ್ದೇ ನೆನಪಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಯಾರು ಹೇಳ್ತಾರೆ ಅಕ್ಕ? ಇಡೀ ಬೀದಿಗೆ ನೀನು ಮೇಡಂ."

ನದಿಯ ಮೇಲೆ ಕಡಲಹಕ್ಕಿಗಳು ಕೂಗುತ್ತಿದ್ದವು. ಬೆಂಗಳೂರಿನಲ್ಲಿ ಆಗ ರಾತ್ರಿಯೂಟದ ಸಮಯ. ಹೆಚ್‌ಎಂ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಪವಿತ್ರ ಯಾವ ಶಾಲೆಗೆ ಹೋದ್ಲು?"

"ಎಲ್ಲೂ ಇಲ್ಲ ಸುಜಾತ ಅವ್ರೇ. ಎರಡು ಸಲ ಮನೆಗೆ ಜನ ಕಳ್ಸಿದ್ದೆ. ಸುಲ್ತಾನ್‌ಪೇಟೇಲಿ ಅವಳಮ್ಮ ಲಗ್ನಪತ್ರಿಕೆ ಅಂಗಡೀಲಿ ಕೆಲ್ಸ ಮಾಡ್ತಾರೆ. ಇವಳೂ ಹೋಗಿ ಕಾರ್ಡ್ ಮಡಚ್ತಾ ಕೂತಿರ್ತಾಳಂತೆ."

"ನಾನು ಬಂದು ಕರ್ಕೊಂಡ್ ಬರ್ಲಾ?"

"ಅವತ್ತಿಂದ್ಲೂ ನೀವು ಹಿಂಗೆ ಕೇಳ್ತೀರಿ ಅಂತ ಕಾಯ್ತಾ ಇದ್ದೆ," ಎಂದರು.

ಉಳಿದ ಐದು ದಿನ ನಾನು ಪ್ರವಾಸಿಯಾಗಿರಲಿಲ್ಲ. ತೆರೇಸಾ ಅವರ ಪಕ್ಕ ಕೂತು ಎಲ್ಲ ಕಲಿತೆ. ಪಾಠವನ್ನು ಹಿಂದಿನ ದಿನವೇ ಯಂತ್ರಕ್ಕೆ ಕೊಟ್ಟು ಚಿಕ್ಕ ಚಿಕ್ಕ ವಾಕ್ಯ ಮಾಡಿಸುವುದು, ಪ್ರತಿ ಕಠಿಣ ಪದಕ್ಕೆ ಚಿತ್ರ ಹಾಕಿಸುವುದು, ಅದು ಮಾಡಿದ ತಪ್ಪುಗಳನ್ನು ಕೂತು ತಿದ್ದುವುದು. "ತಿದ್ದದೆ ಒಂದು ಹಾಳೆಯೂ ಮಕ್ಕಳ ಕೈಗೆ ಹೋಗಬಾರದು," ಎಂದು ಮೇಜು ಕುಟ್ಟಿ ಹೇಳಿದರು. ಕಾವೇರಿ ಹಾಳೆಯನ್ನು ಸುರುಳಿ ಸುತ್ತಿ ಕೊಟ್ಟರು. ಇನೆಸ್ ಬಾಗಿಲವರೆಗೂ ಬಂದು ನನ್ನ ಅಂಗೈ ತಟ್ಟಿದಳು.

ಸುಲ್ತಾನ್‌ಪೇಟೆ

ಬಂದ ಎರಡನೆಯ ದಿನ ಶನಿವಾರ. ಗೌತಮಿಯ ತೋಳು ಹಿಡಿದು ಸುಲ್ತಾನ್‌ಪೇಟೆಗೆ ಹೋದೆ. ಅಂಟು, ಹೊಸ ಕಾಗದ, ಚಿನ್ನದ ಬಣ್ಣದ ಶಾಯಿಯ ವಾಸನೆ. ಮದುವೆ ಸೀಸನ್ನು, ಅಂಗಡಿ ಮುಂದೆ ಕೈಗಾಡಿಗಳ ಗದ್ದಲ.

ಪವಿತ್ರಳ ತಾಯಿ ರತ್ನಮ್ಮ ನನ್ನನ್ನು ಗುರುತಿಸಿದರು. ಕಾರ್ಡು ಮಡಚುವ ಸದ್ದು ನಿಲ್ಲಲಿಲ್ಲ.

"ಮೇಡಂ, ಆಗಲ್ಲ ಅಂದಿದ್ದು ನೀವೇ ತಾನೇ?"

"ಹೌದಮ್ಮ, ನಾನೇ."

"ಈಗ ಆಗ್ತದಾ?"

"ಗೊತ್ತಿಲ್ಲ ರತ್ನಮ್ಮ. ಪ್ರಯತ್ನ ಪಡ್ತೀನಿ. ಈ ಸಲ ಆಗಲ್ಲ ಅನ್ನೋದಿದ್ರೆ ಅವಳು ಅನ್ಲಿ. ನಾನು ಅನ್ನಲ್ಲ."

ಮಡಚುವ ಸದ್ದು ನಿಂತಿತು.

ಸಂಸ್ಥೆಯವರು ಕೊಟ್ಟಿದ್ದ ಫೋನನ್ನು ಅಮ್ಮನ ಪಕ್ಕ ಕೂತಿದ್ದ ಪವಿತ್ರಳ ಮುಂದೆ ಹಿಡಿದು, "ಪವಿತ್ರ, ನನ್ನಿಂದ ತಪ್ಪಾಯ್ತು," ಎಂದೆ. ಅಷ್ಟರಲ್ಲಿ ಹಿಂದಿನಿಂದ ಕೂಲಿಯವರೊಬ್ಬರು ಕೂಗಿದರು. ಗೌತಮಿ ತೆರೆಯ ಮೇಲೆ ಬಂದದ್ದನ್ನು ಓದಿದಳು: "'ಪವಿತ್ರ ನನ್ನಿಂದ ಸೈಡು ಬಿಡ್ರೀ ಲೋಡ್ ಬಂತು' ಅಂತ ಬರೆದಿದೆ ಅಕ್ಕ." ರತ್ನಮ್ಮ ಮೊದಲ ಸಲ ನಕ್ಕರು. ಅವರೇ ನಮ್ಮನ್ನು ಅಂಗಡಿಯ ಹಿಂದುಗಡೆ ಕಾಗದದ ಬಂಡಲುಗಳ ನಡುವೆ ಕರೆದೊಯ್ದರು. ಅಲ್ಲಿ ಸದ್ದು ಕಡಿಮೆ. ಚಿಕ್ಕ ಚಿಕ್ಕ ವಾಕ್ಯದಲ್ಲಿ ಮತ್ತೆ ಹೇಳಿದೆ. "ನನ್ನಿಂದ ತಪ್ಪಾಯ್ತು. ನೀನು ಶಾಲೆಗೆ ಬಾ. ಇದರಲ್ಲಿ ಮಾತಾಡೋಣ."

ಪವಿತ್ರ ಫೋನು ತೆಗೆದುಕೊಂಡಳು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಫೋನು ಗಟ್ಟಿಯಾಗಿ ಓದಿತು:

"ಶ್ರೀಮತಿ ಮೇಡಂ. ತಮ್ಮ ಆಗಮನ ಸಂತೋಷ. ಮತ್ತೆ ಕಳಿಸುವಿರಾ."

ರತ್ನಮ್ಮ ಮೆಲ್ಲಗೆ ಹೇಳಿದರು, "ದಿನಾ ಈ ಕಾರ್ಡುಗಳ್ನೇ ನೋಡಿ ನೋಡಿ ಅಕ್ಷರ ಕೂಡಿಸ್ತಾಳೆ ಮೇಡಂ. ಯಾರೂ ಹೇಳ್ಕೊಟ್ಟಿಲ್ಲ." ನಾಲ್ಕು ತಿಂಗಳಲ್ಲಿ ಆ ಹುಡುಗಿ ಲಗ್ನಪತ್ರಿಕೆಗಳಿಂದ ಕನ್ನಡ ಕಲಿತಿದ್ದಳು. ಕನ್ನಡ ಮೇಡಂ ಬಾಗಿಲು ಹಾಕಿಕೊಂಡಿದ್ದಾಗ.

"ಕಳ್ಸಲ್ಲ," ಎಂದೆ. "ಯಾವತ್ತೂ ಕಳ್ಸಲ್ಲ."

ಮತ್ತೆ ಅಕ್ಷರಗಳ ಹುಡುಕಾಟ. "ಸೋಮವಾರ ಬೆಳಿಗ್ಗೆ ಅಮ್ಮ ಸಮೇತ ಆಗಮಿಸುವೆನು."

ಎಂಟನೇ 'ಬಿ'

ಮೊದಲ ವಾರ ಸುಲಭವಾಗಿರಲಿಲ್ಲ. ಫ್ಯಾನಿನ ಸದ್ದಿಗೆ ಫೋನು ಕಂಗಾಲಾಯಿತು. ಒಮ್ಮೆ ನೆಟ್‌ವರ್ಕ್ ಹೋಗಿ ಇಡೀ ಪಿರಿಯಡ್ ಕೈಕಟ್ಟಿ ಕೂತೆವು. ಪವಿತ್ರಳಿಗೆ ಗೊತ್ತಿದ್ದದ್ದು ಮದುವೆ ಮನೆಯ ಮಾತು, ನಾನು ಹೇಳುತ್ತಿದ್ದದ್ದು ವ್ಯಾಕರಣ. ಬೇಡವೆಂದು ಎದ್ದು ಹೋಗುತ್ತಾಳೋ ಎಂದು ದಿನಾ ಹೆದರಿದೆ. ಅವಳು ಹೋಗಲಿಲ್ಲ.

ಎರಡನೇ ವಾರದ ಒಂದು ಬೆಳಿಗ್ಗೆ ಸಂಧಿ ಪಾಠ. "ಇದು ಲೋಪಸಂಧಿ," ಎಂದೆ ನಾನು. ಎರಡು ಉಸಿರು ಕಳೆಯಿತು. ಆಮೇಲೆ ಒಂದು ನಗೆ ಎದ್ದಿತು. ದೊಡ್ಡದು, ಒರಟು, ತಡೆಯೇ ಇಲ್ಲದ್ದು. ಇಪ್ಪತ್ತು ವರ್ಷದಲ್ಲಿ ನನ್ನ ತರಗತಿಯ ಯಾವ ನಗೆಯೂ ನನಗೆ ಅಪರಿಚಿತವಲ್ಲ. ಇದನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.

"ಏನಾಯ್ತು? ಯಾರದು?"

ಪಕ್ಕದಲ್ಲಿ ಕೂರುವ ಸಂಧ್ಯಾ ಫೋನನ್ನು ಬಗ್ಗಿ ನೋಡಿ ತಾನೂ ನಗುತ್ತಾ ಹೇಳಿದಳು, "ಮೇಡಂ, ನೀವು ಹೇಳಿದ್ದನ್ನ ಇದು 'ಲೋ ಪಾಪ, ಸಂಧ್ಯಾ' ಅಂತ ಬರೆದಿದೆ. ಅದನ್ನ ಓದಿ ಪವಿತ್ರ ನಗ್ತಿದಾಳೆ!"

ಆಗ ಇಡೀ ತರಗತಿ ನಕ್ಕಿತು. ಆ ಗದ್ದಲದೊಳಗೂ ಅವಳ ನಗೆ ಎದ್ದು ಕೇಳುತ್ತಿತ್ತು. ಜೂನಿನ ಹದಿನೈದು ದಿನ, ಈಗಿನ ಎರಡು ವಾರ, ಅವಳು ಯಾವ ಬೆಂಚಿನಲ್ಲಿ ಕೂರುತ್ತಾಳೆಂದು ನಾನು ಯಾರನ್ನೂ ಕೇಳಿರಲಿಲ್ಲ. ಈಗ ಕೇಳಬೇಕಾಗಲಿಲ್ಲ. ಎರಡನೇ ಬೆಂಚು, ಎಡಗಡೆ, ಕಿಟಕಿಯ ಪಕ್ಕ. ನಾನು ಆ ಕಡೆಗೆ ಮುಖ ತಿರುಗಿಸಿ ಪಾಠ ಮುಂದುವರಿಸಿದೆ.